ಹೊಸೂರು ರಸ್ತೆಯ ಸಮಾಧಿಯಲ್ಲೊಬ್ಬ ಸರ್ಕಾರಿ ನೌಕರ

ಒಂದು ನಗರದ ಇತಿಹಾಸವನ್ನು ಅರಿಯಬಯಸುವವರು ಕೋಟೆ, ಅರಮನೆ, ದೇವಾಲಯ, ಶಾಸನಗಳನ್ನು ಅರಸಿ ಹೋಗುತ್ತಾರೆ. ರುದ್ರಭೂಮಿಯತ್ತ ಹೆಜ್ಜೆ ಹಾಕುವವರು ವಿರಳ. ನಮ್ಮಲ್ಲಿ ಅದು ಅಶುಭದ ತಾಣವೆಂಬ ಭಾವನೆ ಗಾಢವಾಗಿರುವುದೇ ಇದಕ್ಕೆ ಕಾರಣವಿರಬೇಕು. ಆದರೆ ನಗರವೊಂದು ಯಾರಿಗೆ ಋಣಿಯಾಗಿದೆ ಎಂಬುದರ ಲೆಕ್ಕ ಹಲವು ಸಲ ಕಂದಾಯದ ಕಡತಗಳಲ್ಲಿ ಸಿಗುವುದಿಲ್ಲ, ಸಮಾಧಿಯ ಕಲ್ಲುಗಳಲ್ಲಿ ಸಿಗುತ್ತದೆ. ನಾನು ವಾಸವಾಗಿರುವ ಬಸವೇಶ್ವರನಗರದ ಪಕ್ಕದಲ್ಲೇ ಹಾದುಹೋಗುವ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಮಾಗಡಿ ತಾಲ್ಲೂಕಿನ ಕೆಂಪಾಪುರ ಸಿಗುತ್ತದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಸಮಾಧಿ ಅಲ್ಲಿರುವುದು ನಾಡಿನ ಗಮನಕ್ಕೆ ಬಂದದ್ದು 2015ರಲ್ಲಿ. ಸ್ಥಾಪಕನ ಸಮಾಧಿಯನ್ನೇ ಇಷ್ಟು ತಡವಾಗಿ ಗುರುತಿಸಿದ ನಗರ, ಅವನ ನಂತರ ತನ್ನನ್ನು ರೂಪಿಸಿದವರನ್ನು ಎಷ್ಟರಮಟ್ಟಿಗೆ ನೆನೆಯುತ್ತದೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಲೇಖನದ ವಿಷಯ ಕೆಂಪಾಪುರವಲ್ಲ. ನಗರದ ಇನ್ನೊಂದು ಮಗ್ಗುಲಿನಲ್ಲಿ, ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಒಬ್ಬ ತೋಟಗಾರರ ಸಮಾಧಿಯಿದೆ. ಅವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಮೈಸೂರು ಸಂಸ್ಥಾನದ ಸೇವೆಯಲ್ಲಿ 24 ವರ್ಷ ದುಡಿದು, ನಿವೃತ್ತಿಯ ಬಳಿಕವೂ ತಾಯ್ನಾಡಿಗೆ ಮರಳದೆ ಇಲ್ಲಿಯೇ ಉಳಿದು, 1956ರ ಫೆಬ್ರುವರಿ 8ರಂದು ಇಲ್ಲಿಯೇ ಕಣ್ಣುಮುಚ್ಚಿದವರು. ಬೆಂಗಳೂರನ್ನು ಉದ್ಯಾನನಗರಿ ಎಂದು ಕರೆಯುವ ವಾಡಿಕೆಗೆ ಕಾರಣರಾದವರ ಪಟ್ಟಿಯಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ. ಫೆಬ್ರುವರಿ, ಮಾರ್ಚ್ ಬಂದೊಡನೆ ಬೀದಿಬದಿಯ ಟಬೂಬಿಯಾ ಮರಗಳು ಎಲೆ ಕಳಚಿ ಹೂವನ್ನಷ್ಟೇ ಹೊತ್ತು ನಿಂತಾಗ ಎಲ್ಲರೂ ಛಾಯಾಚಿತ್ರ ತೆಗೆದು ಹಂಚಿಕೊಳ್ಳುತ್ತಾರೆ. ಒಂದಿಬ್ಬರು ಕ್ರುಂಬಿಗಲ್ ಹೆಸರನ್ನೂ ಹೇಳುತ್ತಾರೆ. ಆದರೆ ಆ ಹೆಸರಿನ ಹಿಂದಿರುವ ಬದುಕು ಹೆಚ್ಚು ಜನಕ್ಕೆ ತಿಳಿದಿಲ್ಲ. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನಗೆ ಆ ಬದುಕು ಮುಖ್ಯವೆನಿಸುವುದು ಹೂವಿನ ಕಾರಣಕ್ಕಲ್ಲ. ತನ್ನ ಅಧಿಕಾರಾವಧಿಯೊಳಗೆ ಫಲ ಕಾಣಲಾಗದ ಕೆಲಸವನ್ನು ಒಬ್ಬ ನೌಕರ ಏಕೆ ಮಾಡುತ್ತಾನೆ, ಅದನ್ನು ಮಾಡಲು ಸರ್ಕಾರ ಏಕೆ ಬಿಡುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ನೀಡುತ್ತದೆ ಎಂಬ ಕಾರಣಕ್ಕೆ.

ಕ್ರುಂಬಿಗಲ್ ಜನಿಸಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಎಲ್ಬೆ ನದಿಯ ದಂಡೆಯ ಪಿಲ್ನಿಟ್ಸ್‌ನಲ್ಲಿ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆಯೂ ಅದನ್ನು ಸುತ್ತುವರಿದ ಪ್ರಸಿದ್ಧ ಉದ್ಯಾನವೂ ಇದ್ದವು. ತರುಣ ಕ್ರುಂಬಿಗಲ್ ತೋಟಗಾರಿಕೆಯ ಪಾಠಗಳನ್ನು ಕಲಿತದ್ದು ಅಲ್ಲಿ. ಅಂದಿನ ಯುರೋಪಿನಲ್ಲಿ ತೋಟಗಾರಿಕೆ ವರ್ಷಾನುಗಟ್ಟಲೆ ಕೈಗೆ ಮಣ್ಣು ಹತ್ತಿಸಿಕೊಂಡು ಕಲಿಯಬೇಕಾದ ಕಸುಬಾಗಿತ್ತು. ಜರ್ಮನಿಯ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದ ಅವರು 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಪಾತಿಗಳನ್ನು ವಿನ್ಯಾಸಗೊಳಿಸಿದರು; ಅನಂತರ ಕ್ಯೂನ ರಾಯಲ್ ಸಸ್ಯೋದ್ಯಾನದಲ್ಲಿ ನೌಕರಿ ಪಡೆದರು.

ಕ್ಯೂ ಉದ್ಯಾನವನ್ನು ಕೇವಲ ಉದ್ಯಾನವೆಂದು ಭಾವಿಸುವುದು ತಪ್ಪಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬ್ರಿಟಿಷ್ ಸಾಮ್ರಾಜ್ಯದ ಸಸ್ಯವ್ಯವಹಾರದ ಕೇಂದ್ರ ಕಚೇರಿಯಂತಿತ್ತು. ದಕ್ಷಿಣ ಅಮೆರಿಕದ ಸಿಂಕೋನಾ, ಬ್ರೆಜಿಲ್‌ನ ರಬ್ಬರ್ ಏಷ್ಯಾದ ವಸಾಹತುಗಳಿಗೆ ಬಂದದ್ದು ಅದರ ಮೂಲಕವೇ. ಒಂದು ಖಂಡದ ಬೀಜ ಇನ್ನೊಂದು ಖಂಡದ ಖಜಾನೆಯನ್ನು ತುಂಬಬಲ್ಲದು ಎಂಬುದನ್ನು ಅಲ್ಲಿ ದುಡಿದ ಪ್ರತಿಯೊಬ್ಬ ತೋಟಗಾರನೂ ಕಣ್ಣಾರೆ ಕಾಣುತ್ತಿದ್ದ. ಕ್ರುಂಬಿಗಲ್ ಭಾರತಕ್ಕೆ ಬರುವಾಗ ತಂದದ್ದು ಈ ಎರಡು ಬಗೆಯ ತಿಳಿವಳಿಕೆ: ಪಿಲ್ನಿಟ್ಸ್‌ನ ಸೌಂದರ್ಯದೃಷ್ಟಿ ಮತ್ತು ಕ್ಯೂನ ವ್ಯವಹಾರದೃಷ್ಟಿ.

1893ರಲ್ಲಿ ಅವರು ಬರೋಡಾಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮೂರನೆಯ ಸಯಾಜಿರಾವ್ ಗಾಯಕವಾಡರು ಶಿಕ್ಷಣ, ಗ್ರಂಥಾಲಯ, ಕೈಗಾರಿಕೆ, ಕಲೆ ಎಲ್ಲದರಲ್ಲೂ ತಮ್ಮ ಸಂಸ್ಥಾನವನ್ನು ಮಾದರಿಯಾಗಿಸಲು ಹೊರಟಿದ್ದ ಅರಸರು. ಅವರ ಆಳ್ವಿಕೆಯಲ್ಲಿ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳುವ ಹೊಣೆ ಕ್ರುಂಬಿಗಲ್ಲರ ಪಾಲಿಗೆ ಬಂತು. ಯುರೋಪಿನ ಮಂಜಿನ ನಾಡಿನಿಂದ ಬಂದವರು ಗುಜರಾತಿನ ಉರಿಬಿಸಿಲಿನಲ್ಲಿ ಗಿಡ ಬದುಕಿಸುವುದನ್ನು ಕಲಿತರು. ಸುಮಾರು ಹದಿನೈದು ವರ್ಷಗಳ ಆ ಅನುಭವವೇ ಅವರನ್ನು ಭಾರತದ ತೋಟಗಾರರನ್ನಾಗಿ ಮಾಡಿತು. ಮೈಸೂರಿಗೆ ಅವರು ಬಂದದ್ದು ಹೊಸಬರಾಗಿ ಅಲ್ಲ, ಈ ದೇಶದ ಮಣ್ಣು, ಮಳೆ, ಮನುಷ್ಯರನ್ನು ಬಲ್ಲವರಾಗಿ.

ಮೈಸೂರಿನಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ. 1908ರಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಜಾನ್ ಕ್ಯಾಮೆರಾನ್ ನಿವೃತ್ತರಾದಾಗ ಆ ಸ್ಥಾನಕ್ಕೆ ಕ್ರುಂಬಿಗಲ್ ನೇಮಕಗೊಂಡರು. ಅವರ ಪಾಲಿಗೆ ಬಂದದ್ದು ಬರಿದಾದ ನೆಲವಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ತೋಟವದು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. 1874ರಿಂದ ಅಲ್ಲಿದ್ದ ಕ್ಯಾಮೆರಾನ್ ತೋಟವನ್ನು ವಿಸ್ತರಿಸಿದ್ದರು. 1889ರಲ್ಲಿ ಅಡಿಗಲ್ಲು ಕಂಡ ಗಾಜಿನಮನೆ ಅವರ ಕಾಲದ್ದು. ನಮ್ಮ ಮಾರುಕಟ್ಟೆಗಳಲ್ಲಿ ಇಂದು ಅಗ್ಗವಾಗಿ ಸಿಗುವ ಸೀಮೆಬದನೆಯನ್ನು ಈ ಪ್ರಾಂತ್ಯಕ್ಕೆ ತಂದ ಶ್ರೇಯಸ್ಸೂ ಕ್ಯಾಮೆರಾನ್‌ಗೆ ಸಲ್ಲುತ್ತದೆ. ತಮಿಳರು ಅದನ್ನು ಬೆಂಗಳೂರಿನ ಹೆಸರಿನಿಂದಲೇ ಕರೆಯುತ್ತಾರೆ. ಆ ತರಕಾರಿಯಿಂದ ಬದುಕು ಕಟ್ಟಿಕೊಂಡ ಬೆಳೆಗಾರನಿಗೆ ಕ್ಯಾಮೆರಾನ್ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಸರ್ಕಾರಿ ಸಸ್ಯೋದ್ಯಾನದ ಕೆಲಸದ ಸ್ವರೂಪವೇ ಅಂಥದ್ದು.

ಕ್ರುಂಬಿಗಲ್ ಆ ಪರಂಪರೆಯನ್ನು ಮುಂದುವರಿಸಿದರು. ಹೊರದೇಶಗಳ ಉದ್ಯಾನಗಳೊಂದಿಗೆ ಬೀಜ, ಸಸಿಗಳ ವಿನಿಮಯ ನಡೆಸಿದರು. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳದಂತಹ ಬೆಳೆಗಳನ್ನು ಅವರ ಕಾಲದಲ್ಲಿ ತರಿಸಲಾಯಿತು. ಪರದೇಶದ ಬೆಳೆಯನ್ನು ರೈತನ ಹೊಲದಲ್ಲಿ ಪರೀಕ್ಷಿಸಿದರೆ ಸೋಲಿನ ನಷ್ಟ ರೈತನದು. ಸರ್ಕಾರಿ ತೋಟದಲ್ಲಿ ಪರೀಕ್ಷಿಸಿದರೆ ಆ ನಷ್ಟವನ್ನು ಇಡೀ ಸಮಾಜ ಹಂಚಿಕೊಳ್ಳುತ್ತದೆ, ಗೆದ್ದ ಬೆಳೆಯ ಲಾಭ ಮಾತ್ರ ರೈತನಿಗೆ ದಕ್ಕುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವು ಪುಸ್ತಕದಲ್ಲಿ ಓದಿದ ಈ ತತ್ತ್ವವನ್ನು ಮೈಸೂರು ಸಂಸ್ಥಾನ ಸದ್ದಿಲ್ಲದೆ ಆಚರಣೆಗೆ ತಂದಿತ್ತು. ಲಾಲ್‌ಬಾಗ್ ಜನರ ವಿಹಾರತಾಣವಾಗಿದ್ದಂತೆಯೇ ನಾಡಿನ ಪ್ರಯೋಗಶಾಲೆಯೂ ಆಗಿತ್ತು.

ಆ ಪ್ರಯೋಗಶಾಲೆಯ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದದ್ದು ಕ್ರುಂಬಿಗಲ್ಲರ ಇನ್ನೊಂದು ಸಾಧನೆ. 1912ರಲ್ಲಿ ಅವರ ಪ್ರಯತ್ನದಿಂದ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಸಂಘದ ಫಲಪುಷ್ಪ ಪ್ರದರ್ಶನಗಳು ಗಾಜಿನಮನೆಯನ್ನು ಊರಿನ ಹಬ್ಬದ ಜಾಗವನ್ನಾಗಿ ಮಾಡಿದವು. ಇಂದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಲಕ್ಷಾಂತರ ಮಂದಿ ಸಾಲುಗಟ್ಟಿ ನೋಡುವ ಪ್ರದರ್ಶನಗಳ ಬೇರು ಅಲ್ಲಿದೆ. ತೋಟಗಾರರಿಗೆ ಕ್ರಮಬದ್ಧ ತರಬೇತಿ ದೊರೆಯಬೇಕೆಂಬುದೂ ಅವರ ಕಾಳಜಿಯಾಗಿತ್ತು. ಮನೆಯಂಗಳದಲ್ಲಿ ನಾಲ್ಕು ಗಿಡ ಬೆಳೆಸುವ ಹವ್ಯಾಸ ಬೆಂಗಳೂರಿನ ಮಧ್ಯಮ ವರ್ಗದ ಗುಣವೆನಿಸಿದ್ದು ಹವೆಯೊಂದರಿಂದಲೇ ಅಲ್ಲ. ಅದನ್ನು ಒಂದು ಸಂಸ್ಥೆ ಪೋಷಿಸಿತು.

ಅವರ ಹೆಸರಿನೊಂದಿಗೆ ಹೆಚ್ಚಾಗಿ ತಳಕು ಹಾಕಿಕೊಂಡಿರುವುದು ಸರದಿಯಂತೆ ಅರಳುವ ಮರಗಳ ಕಲ್ಪನೆ. ವರ್ಷದ ಯಾವ ತಿಂಗಳಲ್ಲಿ ನಡೆದುಹೋದರೂ ಊರಿನ ಯಾವುದಾದರೊಂದು ಬೀದಿಯಲ್ಲಿ ಯಾವುದಾದರೊಂದು ಜಾತಿಯ ಮರ ಹೂಬಿಟ್ಟಿರಬೇಕು. ಒಂದು ಬಣ್ಣ ಮಾಸುವಷ್ಟರಲ್ಲಿ ಇನ್ನೊಂದು ಬಣ್ಣ ಎದ್ದುಬರಬೇಕು. ಜಕರಂಡದ ನೇರಳೆ ಕಳೆಯುತ್ತಿದ್ದಂತೆ ಗುಲ್‌ಮೊಹರ್‌ನ ಕೆಂಪು, ಅದರ ಜೊತೆಗೆ ಕಕ್ಕೆಯ ಹಳದಿ, ಮಳೆಗಾಲದ ಕೊನೆಗೆ ನೀರುಕಾಯಿ ಮರದ ಕೇಸರಿ, ಚಳಿಗಾಲದ ಮುಂಜಾನೆ ನೆಲದ ಮೇಲೆ ಆಕಾಶಮಲ್ಲಿಗೆಯ ಬಿಳಿ. ಇದಕ್ಕೆ ಸೌಂದರ್ಯಪ್ರಜ್ಞೆಯೊಂದೇ ಸಾಲದು. ಪ್ರತಿಯೊಂದು ಜಾತಿಯ ಬೆಳವಣಿಗೆ, ಬೇರಿನ ಹರಹು, ಬೇಕಾಗುವ ಅಂತರ, ಅರಳುವ ಕಾಲ, ಬಾಳುವ ವರ್ಷ ಎಲ್ಲವೂ ತಿಳಿದಿರಬೇಕು. ಅಲ್ಲದೆ ಇಂದು ನೆಟ್ಟದ್ದು ಹಲವು ವರ್ಷಗಳ ಬಳಿಕ ಅರಳುತ್ತದೆ ಎಂಬ ತಾಳ್ಮೆ ಬೇಕು.

ಬೀದಿಮರದ ನೆರಳಿಗೆ ಯಾರೂ ಶುಲ್ಕ ತೆರುವುದಿಲ್ಲ. ಒಬ್ಬರು ನೆರಳಲ್ಲಿ ನಿಂತರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದೂ ಇಲ್ಲ. ಇಂಥ ಸಾರ್ವಜನಿಕ ಸರಕನ್ನು ಮಾರುಕಟ್ಟೆ ತಾನಾಗಿ ಸಾಕಷ್ಟು ಒದಗಿಸಲಾರದು ಎಂಬುದನ್ನು ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಆ ಪ್ರಬಂಧ ಪ್ರಕಟವಾದಾಗ ಕ್ರುಂಬಿಗಲ್ ಬೆಂಗಳೂರಿನಲ್ಲಿ ಬದುಕಿನ ಕೊನೆಯ ವರ್ಷಗಳನ್ನು ಕಳೆಯುತ್ತಿದ್ದರು. ಸಿದ್ಧಾಂತದ ಅರಿವಿಲ್ಲದೆ ಅವರು ಅದನ್ನು ದಶಕಗಳ ಮೊದಲೇ ರಸ್ತೆಬದಿಯಲ್ಲಿ ನೆಟ್ಟು ತೋರಿಸಿದ್ದರು.

ಅವರ ಕೆಲಸ ಬೆಂಗಳೂರಿಗಷ್ಟೇ ಸೀಮಿತವಾಗಿರಲಿಲ್ಲ. 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಊರುಗಳನ್ನು ಅಂದಗೊಳಿಸುವುದೆಂದರೆ ಆಡಳಿತದ ಮುಖ್ಯ ಕರ್ತವ್ಯಗಳಲ್ಲೊಂದು. ಕನ್ನಂಬಾಡಿ ಅಣೆಕಟ್ಟೆಯ ಬುಡದಲ್ಲಿ ಬೃಂದಾವನ ಉದ್ಯಾನವನ್ನು ನಿರ್ಮಿಸಲು ಅವರು ಮನಸ್ಸು ಮಾಡಿದಾಗ ವಿನ್ಯಾಸದ ಹೊಣೆ ಕ್ರುಂಬಿಗಲ್ಲರದಾಯಿತು. 1927ರಲ್ಲಿ ಆರಂಭಗೊಂಡ ಆ ಕೆಲಸ 1932ರಲ್ಲಿ ಮುಗಿಯಿತು. ಅಣೆಕಟ್ಟೆಯ ಬುಡವೆಂದರೆ ಸಾಮಾನ್ಯವಾಗಿ ಕಲ್ಲಿನ ಪುಡಿ, ತುಕ್ಕು ಹಿಡಿದ ಯಂತ್ರ, ಕೂಲಿಕಾರರ ಗುಡಿಸಲುಗಳು ಬಿಟ್ಟುಹೋದ ಬಯಲು. ಅಂಥ ಜಾಗದಲ್ಲಿ ಇಳಿಜಾರನ್ನೇ ಮೆಟ್ಟಿಲು ಮಾಡಿಕೊಂಡು ನೀರು ಹರಿಸಿ ಕಟ್ಟಿದ ಉದ್ಯಾನ ಇಂದಿಗೂ ರಾಜ್ಯದ ಪ್ರವಾಸೋದ್ಯಮಕ್ಕೆ ಆಸರೆಯಾಗಿದೆ. ಎಂಜಿನಿಯರರ ಕಟ್ಟಡಕ್ಕೆ ತೋಟಗಾರನೊಬ್ಬ ಅಂದ ತರಬಲ್ಲ ಎಂಬುದನ್ನು ಒಪ್ಪಿಕೊಂಡ ಆಡಳಿತ ಅದು. ನಂತರದ ದಿನಗಳಲ್ಲಿ ಇಂಥ ಸಮನ್ವಯ ಅಪರೂಪವಾಯಿತು.

ಹೀಗೆ ದುಡಿದವರನ್ನು ಕಾಲ ಯಾವಾಗಲೂ ಮೃದುವಾಗಿ ನಡೆಸಿಕೊಳ್ಳಲಿಲ್ಲ. ಮಹಾಯುದ್ಧದ ಸಂದರ್ಭದಲ್ಲಿ ಬ್ರಿಟಿಷ್ ಭಾರತದಲ್ಲಿದ್ದ ಜರ್ಮನ್ ಮೂಲದವರೆಲ್ಲ ಒಮ್ಮೆಗೇ ಶತ್ರುಗಳೆನಿಸಿಕೊಂಡರು. ಕ್ರುಂಬಿಗಲ್ ಕೂಡ ಶತ್ರುದೇಶದವರೆಂದು ಘೋಷಿತರಾಗಿ ಬಂಧನ ಶಿಬಿರ ಸೇರಬೇಕಾಯಿತು. ಊರಿಗೆ ನೆರಳು ಕೊಟ್ಟವರನ್ನು ಹುಟ್ಟಿನ ದೇಶವೊಂದರ ಕಾರಣಕ್ಕೆ ಸಂಶಯದಿಂದ ಕಂಡ ಆ ಪ್ರಕರಣ ಸಾಮ್ರಾಜ್ಯದ ತರ್ಕಕ್ಕೆ ಸಹಜವಾಗಿದ್ದಿರಬಹುದು, ನ್ಯಾಯವಾಗಿರಲಿಲ್ಲ. ಗಮನಿಸಬೇಕಾದದ್ದು ಆಮೇಲೆ ನಡೆದದ್ದನ್ನು. ಬಿಡುಗಡೆಗೊಂಡ ಬಳಿಕ ಅವರು ಈ ನಾಡನ್ನು ತೊರೆಯಲಿಲ್ಲ. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, ಯುರೋಪಿಯನ್ನರು ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿದ್ದಾಗಲೂ ಅವರು ಬೆಂಗಳೂರಿನಲ್ಲೇ ಉಳಿದರು. ಅವರು ಹುಟ್ಟಿದ ಸ್ಯಾಕ್ಸನಿ ಅಷ್ಟರಲ್ಲಿ ಪೂರ್ವ ಜರ್ಮನಿಯ ಭಾಗವಾಗಿತ್ತು.

1932ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತಾರು ವರ್ಷ. ಆಮೇಲೆ ಉಳಿದದ್ದು ಇನ್ನೂ 24 ವರ್ಷ, ಸೇವೆಯಲ್ಲಿದ್ದಷ್ಟೇ ಕಾಲ. ಸಲಹೆಗಾರರಾಗಿ ಅವರ ದುಡಿಮೆ ಮುಂದುವರಿಯಿತು. ತಾನು ನೆಟ್ಟ ಸಸಿ ಹೆಮ್ಮರವಾಗುವುದನ್ನು ಕಾಣುವ ಭಾಗ್ಯ ಎಲ್ಲ ತೋಟಗಾರರಿಗೂ ಸಿಗುವುದಿಲ್ಲ. ದೀರ್ಘಾಯುಷ್ಯ ಅವರಿಗೆ ಅದನ್ನು ಒದಗಿಸಿತು. ತೊಂಬತ್ತು ವರ್ಷ ತುಂಬಿದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಭಾರತದಲ್ಲಿ ಅವರು ಬಾಳಿದ್ದು ಅರವತ್ತಮೂರು ವರ್ಷ; ಅವರನ್ನು ಜರ್ಮನ್ ಎಂದು ಕರೆಯುವಾಗ ಈ ಸಂಖ್ಯೆಯನ್ನು ನೆನಪಿಡುವುದು ಒಳ್ಳೆಯದು.

ಬೆಂಗಳೂರಿನ ನೆಲದಲ್ಲಿ ಬೇರೆ ಯುರೋಪಿಯನ್ನರ ನೆನಪುಗಳೂ ಇದ್ದವು. 1791ರ ಕೋಟೆಯ ಮುತ್ತಿಗೆಯಲ್ಲಿ ಹಾಗೂ ಟಿಪ್ಪು ವಿರುದ್ಧದ ಕಾಳಗಗಳಲ್ಲಿ ಮಡಿದ ಬ್ರಿಟಿಷ್ ಸೈನಿಕರ ಸ್ಮರಣೆಗಾಗಿ ಇಂದಿನ ಹಡ್ಸನ್ ವೃತ್ತದ ಬಳಿ ಎತ್ತರದ ಸ್ತಂಭವೊಂದಿತ್ತು. 1964ರಲ್ಲಿ ಅದನ್ನು ಕೆಡವಲಾಯಿತು. ಸ್ವತಂತ್ರ ದೇಶವೊಂದು ತನ್ನ ಮೇಲೆ ದಾಳಿ ಮಾಡಿದವರ ಸ್ತಂಭವನ್ನು ಕಾಯಬೇಕೇ ಎಂಬುದು ಚರ್ಚಾಸ್ಪದ. ಆದರೆ ಗೆಲ್ಲಲು ಬಂದವರಿಗೂ ಬೆಳೆಸಲು ಬಂದವರಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ನಾವು ಸದಾ ಗಮನದಲ್ಲಿಟ್ಟುಕೊಂಡಿದ್ದೇವೆ ಎನ್ನಲಾಗದು. ಲಾಲ್‌ಬಾಗ್ ಬಳಿಯ ರಸ್ತೆಯೊಂದಕ್ಕೆ ಕ್ರುಂಬಿಗಲ್ ಹೆಸರಿದೆ ಎಂಬುದು ಸಮಾಧಾನದ ಸಂಗತಿ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ಮಾತ್ರ ವರ್ಷಗಟ್ಟಲೆ ಶಿಥಿಲವಾಗುತ್ತ ಬಂದು 2017ರಲ್ಲಿ ನೆಲಸಮವಾಯಿತು. ದುರಸ್ತಿಯನ್ನು ಮುಂದೂಡುತ್ತ ಹೋದರೆ ಕೊನೆಗೆ ದುರಸ್ತಿಯ ಪ್ರಶ್ನೆಯೇ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಎರಡು ಮಾತುಗಳನ್ನು ಸೇರಿಸದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಮೊದಲನೆಯದು, ಹೊರದೇಶದ ಮರಗಳ ಬಗೆಗಿನ ಆಕ್ಷೇಪ. ಗುಲ್‌ಮೊಹರ್, ಜಕರಂಡ, ನೀರುಕಾಯಿ ಮರಗಳು ಈ ನೆಲದವಲ್ಲ. ಇಲ್ಲಿನ ಹಕ್ಕಿ, ಕೀಟಗಳಿಗೆ ಹೊಂಗೆ, ಆಲ, ಅತ್ತಿ, ನೇರಳೆಗಳಷ್ಟು ಆಸರೆ ಕೊಡುವುದಿಲ್ಲ. ಮೊದಲ ಮುಂಗಾರುಪೂರ್ವ ಗಾಳಿಗೇ ಕೊಂಬೆ ಮುರಿದು ಬೀಳುವ ಜಾತಿಗಳೂ ಅವುಗಳಲ್ಲಿವೆ. ಪರಿಸರತಜ್ಞರ ಈ ವಾದದಲ್ಲಿ ಹುರುಳಿದೆ. ಮುಂದಿನ ನೆಡುವಿಕೆಯಲ್ಲಿ ದೇಸಿ ಮರಗಳಿಗೆ ಆದ್ಯತೆ ಸಿಗಬೇಕು. ಆದರೆ ಕ್ರುಂಬಿಗಲ್ಲರಿಂದ ನಾವು ಕಲಿಯಬೇಕಾದದ್ದು ಜಾತಿಯ ಆಯ್ಕೆಯನ್ನಲ್ಲ, ಯೋಜನೆಯ ಕ್ರಮವನ್ನು. ಆಕಾಶಮಲ್ಲಿಗೆ, ಕಕ್ಕೆ, ಹೊಂಗೆ, ಮುತ್ತುಗಗಳಿಂದಲೂ ಋತುಮಾನದ ಸರದಿಯನ್ನು ಹೆಣೆಯಬಹುದು. ಎರಡನೆಯದು, ಶ್ರೇಯಸ್ಸಿನ ಹಂಚಿಕೆ. ಸೂಪರಿಂಟೆಂಡೆಂಟರ ನಕ್ಷೆಯನ್ನು ನೆಲಕ್ಕಿಳಿಸಿದವರು ಕೂಲಿಯಾಳುಗಳು. ಬೆಂಗಳೂರಿನ ತೋಟಗಾರಿಕೆಗೆ ತಿಗಳ ಸಮುದಾಯ ತಲೆಮಾರುಗಳಿಂದ ಕೊಟ್ಟ ಕಸುಬುದಾರಿಕೆಯಿಲ್ಲದೆ ಯಾವ ಉದ್ಯಾನವೂ ಚಿಗುರುತ್ತಿರಲಿಲ್ಲ. ಅವರ ಹೆಸರು ಕೆತ್ತಿದ ಕಲ್ಲುಗಳನ್ನು ಯಾವ ರುದ್ರಭೂಮಿಯಲ್ಲಿ ಹುಡುಕೋಣ?

ಇನ್ನು ನಮ್ಮ ಪಶ್ಚಿಮ ಬೆಂಗಳೂರಿನ ವಿಷಯ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬೆಳೆದದ್ದು ಕ್ರುಂಬಿಗಲ್ ನಿವೃತ್ತರಾದ ಬಹುಕಾಲದ ಮೇಲೆ. ಇಲ್ಲಿನ ಬೀದಿಮರಗಳನ್ನು ಅವರು ನೆಟ್ಟರೆನ್ನುವುದು ಚರಿತ್ರೆಗೆ ಸಲ್ಲದ ಮಾತು. ಆದರೆ ಅವರ ಕಲ್ಪನೆ ಇಲ್ಲಿಗೂ ತಲುಪಿತು. ಅದು ತಲುಪಿದ ಬಗೆಯೇ ಈ ಬರಹದ ಮುಖ್ಯ ವಿಷಯ. 1932ರಲ್ಲಿ ಅವರ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯ. ಅನಂತರ ಹಾರ್ವರ್ಡ್‌ನಲ್ಲಿ ಓದಿ ಬಂದ ಡಾ. ಎಂ. ಎಚ್. ಮರೀಗೌಡರು ಲಾಲ್‌ಬಾಗನ್ನು ವಿಸ್ತರಿಸಿದ್ದಲ್ಲದೆ, ತೋಟಗಾರಿಕಾ ಇಲಾಖೆಯನ್ನು ತಾಲ್ಲೂಕು ತಾಲ್ಲೂಕಿಗೂ ಕೊಂಡೊಯ್ದು ರೈತರ ಇಲಾಖೆಯನ್ನಾಗಿಸಿದರು. 1980ರ ದಶಕದಲ್ಲಿ ನಗರ ಹೊರಗಡೆಗೆ ಚಾಚಿ ಹೊಸ ಬಡಾವಣೆಗಳು ಬಿಸಿಲಲ್ಲಿ ಬೇಯುತ್ತಿದ್ದಾಗ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಕೆಲವೇ ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ನಾವಿಂದು ಕ್ರುಂಬಿಗಲ್ಲರ ಕೊಡುಗೆಯೆಂದು ಬಣ್ಣಿಸುವ ಅನೇಕ ಮರಗಳು ವಾಸ್ತವವಾಗಿ ನೇಗಿನಹಾಳರ ಕಾಲದವು. ಅವರು 2021ರಲ್ಲಿ ತೀರಿಕೊಂಡರು.

ಕ್ಯಾಮೆರಾನ್, ಕ್ರುಂಬಿಗಲ್, ಜವರಾಯ, ಮರೀಗೌಡ, ನೇಗಿನಹಾಳ: ಬೇರೆ ಬೇರೆ ದೇಶ, ಭಾಷೆ, ಆಳ್ವಿಕೆಗಳಿಗೆ ಸೇರಿದ ಐವರು. ಇವರೆಲ್ಲರೂ ಸಂಬಳ ಪಡೆಯುತ್ತಿದ್ದ ಸರ್ಕಾರಿ ನೌಕರರು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸಿದರು. ಉದ್ಯಾನನಗರಿ ಎಂಬುದು ಒಬ್ಬ ಪ್ರತಿಭಾವಂತನ ಕೊಡುಗೆಯಲ್ಲ, ಮುರಿಯದ ಒಂದು ಸರಪಳಿಯ ಫಲ. ಆ ಸರಪಳಿ ಮುರಿಯದಿದ್ದುದಕ್ಕೆ ಕಾರಣ, ಅಧಿಕಾರಿಗೆ ಒಂದೇ ಹೊಣೆಯಲ್ಲಿ ದೀರ್ಘಕಾಲ ಉಳಿಯುವ ಅವಕಾಶವಿತ್ತು; ಕ್ಯಾಮೆರಾನ್‌ಗೆ 34 ವರ್ಷ, ಕ್ರುಂಬಿಗಲ್ಲರಿಗೆ 24 ವರ್ಷ. ಎರಡು ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ, ವರ್ಗಾವಣೆಯ ಆದೇಶ ಹಿಡಿದು ಓಡಾಡುವ ಇಂದಿನ ಅಧಿಕಾರಿಗೆ ಹತ್ತು ವರ್ಷದ ಬಳಿಕ ಅರಳುವ ಮರದ ಬಗ್ಗೆ ಯೋಚಿಸಲು ಪುರುಸೊತ್ತಾದರೂ ಎಲ್ಲಿದೆ?

ನಾನು ಸೇವೆಯಲ್ಲಿದ್ದಾಗ ಒಂದು ಇಲಾಖೆಯಲ್ಲಿ ಸಸಿ ನೆಡುವ ಕಾರ್ಯಕ್ರಮದ ವರದಿಗಳು ನನ್ನ ಮೇಜಿಗೆ ಬರುತ್ತಿದ್ದವು. ನಿಗದಿತ ಗುರಿ, ಸಾಧನೆ, ಶೇಕಡಾವಾರು, ಖರ್ಚಾದ ಹಣ: ಎಲ್ಲಕ್ಕೂ ಅಂಕಣಗಳಿದ್ದವು. ಮಾರ್ಚ್ ಕೊನೆಯ ವಾರದಲ್ಲಿ ಅನುದಾನ ಹಿಂದಿರುಗಬಾರದೆಂದು ಬಿರುಬಿಸಿಲಿನಲ್ಲೇ ಗುಂಡಿ ತೋಡಿಸಿ ಬಿಲ್ಲು ಪಾವತಿಸಿದ ಉದಾಹರಣೆಗಳಿದ್ದವು. ನೆಟ್ಟವುಗಳಲ್ಲಿ ಐದು ವರ್ಷದ ಬಳಿಕ ಬದುಕಿ ಉಳಿದವೆಷ್ಟು ಎಂಬ ಅಂಕಣ ಮಾತ್ರ ಆ ನಮೂನೆಯಲ್ಲಿ ಇರಲೇ ಇಲ್ಲ. ನಮೂನೆಯಲ್ಲಿ ಇಲ್ಲದ್ದನ್ನು ಆಡಳಿತ ಕಾಣುವುದಿಲ್ಲ. ಅದೇ ರೀತಿ, ರಸ್ತೆ ಅಗಲಿಸುವ ಅಂದಾಜುಪಟ್ಟಿಯಲ್ಲಿ ಕಡಿಯುವ ಮರಕ್ಕೆ ಮರದಿಮ್ಮಿಯ ಬೆಲೆ ಕಟ್ಟಲಾಗುತ್ತದೆಯೇ ಹೊರತು ಅದು ಕೊಡುತ್ತಿದ್ದ ನೆರಳಿಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯುವುದಕ್ಕೆ ವೃಕ್ಷಾಧಿಕಾರಿಯ ಅನುಮತಿಯನ್ನು ಕಡ್ಡಾಯಗೊಳಿಸಿದೆ. ಆದರೆ ಅನುಮತಿಯ ಕಡತಕ್ಕೂ ನೆರಳಿನ ಲೆಕ್ಕಕ್ಕೂ ಸಂಬಂಧ ಕಲ್ಪಿಸದ ಹೊರತು ಕಾಯ್ದೆ ಕಾಗದದ ಮೇಲಷ್ಟೇ ಹಸಿರಾಗಿರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಹೊಸ ಸಂಸ್ಥೆಯೊಂದು ಹೊಸ ವಹಿಗಳನ್ನು ತೆರೆಯುವ ಈ ಹೊತ್ತು ಒಂದು ಒಳ್ಳೆಯ ಅವಕಾಶ. ಪ್ರತಿ ವಾರ್ಡಿನಲ್ಲೂ ಬೀದಿಮರಗಳ ದಾಖಲೆ ಪುಸ್ತಕವೊಂದನ್ನು ಇರಿಸಿ, ಜಾತಿ, ನೆಟ್ಟ ವರ್ಷ, ಆರೋಗ್ಯಸ್ಥಿತಿಗಳನ್ನು ಬರೆದು, ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಬಹುದು. ನೆಟ್ಟ ಸಸಿಯ ಗುತ್ತಿಗೆ ಹಣದಲ್ಲಿ ಒಂದು ಪಾಲನ್ನು ಅದು ಐದು ವರ್ಷ ಬದುಕಿದ ಮೇಲೆ ಪಾವತಿಸುವ ಷರತ್ತು ವಿಧಿಸಬಹುದು. ಇದಕ್ಕೆ ದೊಡ್ಡ ಮೊತ್ತದ ಹಣ ಬೇಕಿಲ್ಲ. ನಮೂನೆಯಲ್ಲಿ ಒಂದು ಅಂಕಣ ಹೆಚ್ಚಾದರೆ ಸಾಕು.

ನಗರದ ಹಳೆಯ ಸ್ಮಶಾನಗಳ ಬಗೆಗೂ ಇಂಥದೇ ಕನಿಷ್ಠ ಕಾಳಜಿ ಅಗತ್ಯ. ಅಲ್ಲಿನ ಕಲ್ಲುಗಳ ಮೇಲಿನ ಅಕ್ಷರಗಳು ಮಳೆಗೆ ಸವೆಯುತ್ತಿವೆ. ಆಯಾ ಚರ್ಚ್, ಮಸೀದಿ, ಮಠ, ಸಮುದಾಯಗಳ ಒಪ್ಪಿಗೆ ಪಡೆದು ಹೆಸರು, ತಾರೀಖುಗಳನ್ನು ದಾಖಲಿಸಿಕೊಳ್ಳುವುದು ಪತ್ರಾಗಾರ ಇಲಾಖೆಗಾಗಲಿ ಕಾಲೇಜುಗಳ ಇತಿಹಾಸ ವಿಭಾಗಗಳಿಗಾಗಲಿ ಅಸಾಧ್ಯವೇನಲ್ಲ. ಅರಸರು, ದಿವಾನರು ತಮ್ಮ ಪ್ರತಿಮೆಗಳಲ್ಲಿ ಉಳಿಯುತ್ತಾರೆ. ಊರಿಗೆ ನೀರು ತಂದವರು, ಪಾಠ ಹೇಳಿದವರು, ರೋಗಿಗಳನ್ನು ನೋಡಿದವರು, ಗಿಡ ನೆಟ್ಟವರು ಉಳಿದಿರುವುದು ಬಹುತೇಕ ಆ ಕಲ್ಲುಗಳಲ್ಲಿ ಮಾತ್ರ.

ಕ್ರುಂಬಿಗಲ್ಲರಿಗೆ ಇನ್ನೊಂದು ಪ್ರತಿಮೆಯಾಗಲಿ ಪ್ರಶಸ್ತಿಯಾಗಲಿ ಬೇಕೆಂದು ನಾನು ವಾದಿಸುತ್ತಿಲ್ಲ. ನಮ್ಮ ಬಡಾವಣೆಗಳಲ್ಲಿ 1980ರ ದಶಕದಲ್ಲಿ ನೆಟ್ಟ ಮರಗಳಿಗೆ ಈಗ ನಲವತ್ತು ದಾಟಿದೆ. ಕೆಲವು ಜಾತಿಗಳು ಇನ್ನು ಕೆಲವೇ ದಶಕಗಳಲ್ಲಿ ಆಯುಸ್ಸು ಮುಗಿಸುತ್ತವೆ. ಅವುಗಳ ಜಾಗದಲ್ಲಿ ನೆರಳು ಕೊಡಬೇಕಾದ ಸಸಿ ಇಂದೇ ನೆಲಕ್ಕಿಳಿಯಬೇಕು. ಅದನ್ನು ನೆಡುವ ಅಧಿಕಾರಿ ಅದು ಅರಳುವ ಮೊದಲೇ ವರ್ಗವಾಗಿರುತ್ತಾರೆ, ಬಹುಶಃ ನಿವೃತ್ತರೂ ಆಗಿರುತ್ತಾರೆ. ಅದನ್ನು ಬಲ್ಲ ಮೇಲೂ ಆ ಸಸಿಯನ್ನು ನೆಡುವ ಒಬ್ಬ ಅಧಿಕಾರಿ ನಮ್ಮ ಹೊಸ ಪಾಲಿಕೆಯಲ್ಲಿ ಇದ್ದರೆ, ಹೊಸೂರು ರಸ್ತೆಯಲ್ಲಿ ಮಲಗಿರುವ ನೌಕರನ ಸರಪಳಿ ಮುಂದುವರಿಯುತ್ತದೆ.